ಬಿಳಿ ಕೋಟಿನ ಬೆನ್ನು

ಬಿಳಿ ಕೋಟನ್ನು ಹಾಕಿಕೊಳ್ಳುವುದೋ ಬೇಡವೋ ಎಂಬ ಪ್ರಶ್ನೆ ಬೆಳಗಿನಿಂದ ಎಡ್ಗರ್ ಡಕ್ಸ್‌ಬರಿಯ ತಲೆ ತಿನ್ನುತ್ತಿತ್ತು. ಹೆಂಡತಿ ಹಿಲ್ಡಾ ಅದನ್ನು ಪೆಟ್ಟಿಗೆಯ ತಳದಿಂದ ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದಳು. ಚಹಾದ ಬಟ್ಟಲು ಹಿಡಿದು ಕೂತರೂ ಅವನ ಕಣ್ಣು ಅತ್ತಲೇ ಹೋಗುತ್ತಿತ್ತು. ಕೋಟು ಬಾಗಿಲಿಗೆ ಮುಖ ಮಾಡಿ, ಬೆನ್ನನ್ನು ಇವನ ಕಡೆ ತಿರುಗಿಸಿಕೊಂಡು ನೇತಾಡುತ್ತಿತ್ತು. ಅದಕ್ಕೆ ಬೇರೆ ರೀತಿ ನೇತಾಡುವುದು ಗೊತ್ತೂ ಇರಲಿಲ್ಲ. ಇಡೀ ಲ್ಯಾಂಕಶೈರ್ ಸೀಮೆ ಅದನ್ನು ನೋಡಿದ್ದು ಹಿಂದಿನಿಂದಲೇ. ಕ್ಯಾವೆಂಡಿಶ್ ಚಿತ್ರಮಂದಿರದಲ್ಲಿ ಒಂದು ಸಿನಿಮಾ ಮುಗಿದು ಇನ್ನೊಂದು ಶುರುವಾಗುವ ನಡುವೆ, ಪರದೆಯ ಮುಂದಿನ ಗುಂಡಿಯಿಂದ ಆರ್ಗನ್ನಿನ ಕೀಲಿಮಣೆ ನುಡಿಸುವವನನ್ನೂ ಹೊತ್ತುಕೊಂಡು ಮೇಲೇಳುತ್ತಿತ್ತು. ಸುತ್ತಲಿನ ಗಾಜು ಹಸಿರಿಗೆ ತಿರುಗಿ, ಆಮೇಲೆ ಗುಲಾಬಿಗೆ ತಿರುಗುತ್ತಿತ್ತು. ಜನ ಬೆನ್ನಿಗೇ ಚಪ್ಪಾಳೆ ಹೊಡೆಯುತ್ತಿದ್ದರು. ಬೆನ್ನಿನ ಹೆಸರು ಆಂಬ್ರೋಸ್ ವೇಲ್. ವೇಲ್‌ಗೆ ಜ್ವರ ಬಂದ ದಿನ, ಬೇರೆ ಊರಿನ ಕರೆ ಬಂದ ದಿನ, ಹಿಂದಿನ ರಾತ್ರಿಯ ಅಮಲು ಇನ್ನೂ ಇಳಿಯದ ದಿನ, ಅದೇ ಕೋಟಿನೊಳಗೆ ಎಡ್ಗರ್ ಇರುತ್ತಿದ್ದ. ತಿರುಗಬೇಡ, ಬಲಗೈಯನ್ನು ಹೆಗಲ ಮೇಲೆತ್ತಿ ಆಡಿಸಿ ಕೆಳಗಿಳಿದುಬಿಡು ಎಂದು ಮ್ಯಾನೇಜರ್ ಹೇಳಿದ್ದ. ಒಬ್ಬರಿಗೂ ಅನುಮಾನ ಬರಲಿಲ್ಲ. ಊರಿಗೆಲ್ಲ ತನ್ನ ಬೆನ್ನು ಗೊತ್ತು, ಮುಖ ಅಂಚೆಯವನಿಗೂ ಗೊತ್ತಿಲ್ಲ ಎಂದು ಎಡ್ಗರ್ ಆಗಾಗ ಅಂದುಕೊಂಡು ನಗುತ್ತಿದ್ದ. ಈಚೆಗೆ ಆ ನಗು ಬರುವುದು ನಿಂತಿತ್ತು.

"ಇನ್ನೂ ಎಷ್ಟೊತ್ತು ಅದನ್ನೇ ನೋಡ್ತಾ ಕೂತಿರ್ತೀಯ? ಅದೇನು ಎದ್ದು ಬಂದು ಮುತ್ತು ಕೊಡುತ್ತಾ?" ಎಂದಳು ಹಿಲ್ಡಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

"ಅದು ನಂದಲ್ಲ ಕಣೇ."

"ನಿಂದಲ್ಲದೆ ಇನ್ಯಾರ್ದು? ನಿನ್ನ ಮನೇಲಿ ಇಷ್ಟು ವರ್ಷ ನುಸಿ ತಿನ್ಸಿದೀಯ. ಬಾಡಿಗೆ ಲೆಕ್ಕ ಹಾಕಿದ್ರೂ ನಿಂದೇ ಆಗೋಯ್ತು."

"ಹೊಲಿಸಿದ್ದು ಅವ್ನಿಗೆ."

"ಹೊಲಿಸಿದ್ದು ಅವ್ನಿಗೆ, ಕಂಕುಳು ಹರ್ಕೊಂಡಿದ್ದು ನೀನು, ತೇಪೆ ಹಾಕಿದ್ದು ನಾನು. ಸುಮ್ನೆ ತಿನ್ನು."

ಅವನು ತಿಂದ. ಆದರೆ ಮನಸ್ಸು ಹೋದ ಭಾನುವಾರ ತಾನು ನಕ್ಕಿದ್ದ ಇನ್ನೊಂದು ನಗುವಿನ ಮೇಲೇ ಇತ್ತು. ಭಾನುವಾರ ರಿಗ್ಬಿ ಮನೆಗೆ ಬಂದಿದ್ದ. ಈ ಕ್ಲೆಮೆಂಟ್ ರಿಗ್ಬಿ ಆರ್ಗನ್ ಪ್ರೇಮಿಗಳ ಸಂಘದ ಕಾರ್ಯದರ್ಶಿ, ಸುಣ್ಣದಂಥ ಬಿಳಿ ಮುಖದವನು, ಪಿಯಾನೋದ ಮೇಲೆ ಒಂದು ಸಾಲು ನುಡಿಸಲಾರ. ಆದರೆ ಯಾವ ಊರಿನ ಯಾವ ಚಿತ್ರಮಂದಿರದಲ್ಲಿ ಆರ್ಗನ್ನಿನ ದನಿ ಹೊರಡಿಸುವ ಯಾವ ಕೊಳವೆ ಎಲ್ಲಿದೆ ಎಂದು ನಿದ್ದೆಯಲ್ಲೂ ಹೇಳುವವನು. ಕ್ಯಾವೆಂಡಿಶ್ ಇನ್ನು ಬಿಂಗೋ ಜೂಜು ಆಡುವ ಜಾಗವಾಗುತ್ತದಂತೆ, ಆರ್ಗನ್ನನ್ನು ಬಿಚ್ಚಿ ಮಾರುತ್ತಾರಂತೆ. ಅದಕ್ಕೆ ಮೊದಲು ಸಂಘದವರು ಒಂದು ದೊಡ್ಡ ಗ್ರಾಮಫೋನ್ ಪ್ಲೇಟು ತರುತ್ತಾರೆ. ಒಂದು ಮಗ್ಗುಲಿಗೆ ಆಂಬ್ರೋಸ್ ವೇಲ್ ಹಳೆಯ ಕಾಲದಲ್ಲಿ ನುಡಿಸಿದ್ದು, ಇನ್ನೊಂದು ಮಗ್ಗುಲಿಗೆ ಎಡ್ಗರ್ ಈಗ ನುಡಿಸುವುದು. ಇಷ್ಟು ಹೇಳಿ ರಿಗ್ಬಿ ದನಿ ತಗ್ಗಿಸಿದ್ದ. "ಒಂದು ಮಾತು, ಮಿಸ್ಟರ್ ಡಕ್ಸ್‌ಬರಿ. 'ಸಂಜೆಯ ದೋಣಿ' ಪ್ಲೇಟು ಮುದ್ರಿಸಿದ ವಾರ ವೇಲ್ ಜ್ವರದಲ್ಲಿ ಮಲಗಿದ್ರು ಅಂತ ಆಗಿನ ಪತ್ರಿಕೇಲಿದೆ. ಅಂದ್ಮೇಲೆ ಅದನ್ನ ನುಡಿಸಿದ್ದು ನೀವೇ ಅಲ್ವಾ? ಹೇಳಿ, ಹೊದಿಕೆ ಮೇಲೆ ನಿಮ್ಮ ಹೆಸರೇ ಹಾಕ್ತೀನಿ." ಎಡ್ಗರ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನೆ ನಕ್ಕಿದ್ದ. ಆ ನಗುವನ್ನು ರಿಗ್ಬಿ ಟೋಪಿಯ ಜೊತೆಗೆ ಎತ್ತಿಕೊಂಡು ಹೋಗಿಬಿಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು, ವೇಲ್‌ನ ವಿಧವೆಯನ್ನೂ ಕರೆದಿದ್ದೇನೆ, ಅವರ ಎದುರಿಗೇ ಇತ್ಯರ್ಥವಾಗಲಿ ಎಂದಿದ್ದ.

ಯಾಕೆ ನಕ್ಕೆ? ಕ್ಯಾವೆಂಡಿಶ್‌ಗೆ ಹೋಗುವ ಬಸ್ಸಿನ ಮೇಲಂತಸ್ತಿನಲ್ಲಿ, ಕೋಟಿದ್ದ ಕಾಗದದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎಡ್ಗರ್ ತನ್ನನ್ನೇ ಕೇಳಿಕೊಂಡ. ಕೊನೆಗೂ ಹಾಕಿಕೊಂಡಿರಲಿಲ್ಲ, ಬಿಟ್ಟೂ ಬಂದಿರಲಿಲ್ಲ. ಪಕ್ಕದಲ್ಲಿ ಹಿಲ್ಡಾ ಟೋಪಿಯ ಪಿನ್ನು ಸರಿಮಾಡಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಮುಚ್ಚಿದ ಗಿರಣಿಗಳ ಗೋಡೆ ಸರಿಯುತ್ತಿತ್ತು. ಆಸೆಯಿಂದ ನಕ್ಕೆ, ಇನ್ನೇನು. ಆ ಪ್ಲೇಟಿನ ಮೇಲೆ ತನ್ನ ಹೆಸರು ಇರಬೇಕೆಂಬ ಆಸೆ ಎಷ್ಟು ಕಾಲದಿಂದ ಒಳಗೆ ಕೂತಿತ್ತೆಂದರೆ, ಅದು ಆಸೆ ಎನ್ನುವುದೇ ಮರೆತು ಹಲ್ಲುನೋವಿನಂತೆ ಅಭ್ಯಾಸವಾಗಿತ್ತು. ಸುಮ್ಮನೆ ಪ್ಲೇಟೇ ಅದು? ಊರಿನ ಪ್ರತಿ ಮನೆಯ ಮುಂದಿನ ಕೋಣೆಯಲ್ಲೂ ಇದ್ದ ಪ್ಲೇಟು. ಅದರಿಂದಲೇ ವೇಲ್‌ಗೆ ರೇಡಿಯೋದವರ ಕರೆ ಬಂತು, ಲಂಡನ್ನಿಗೆ ಹೋದ, ಬಿಳಿ ಕೋಟನ್ನು ಇಲ್ಲಿಯೇ ಮೊಳೆಗೆ ಬಿಟ್ಟು ಕರಿಯದನ್ನು ಹೊಲಿಸಿಕೊಂಡ. ಎಡ್ಗರ್ ಇಲ್ಲೇ ಉಳಿದ. ಸಿನಿಮಾಕ್ಕೆ ಆರ್ಗನ್ ಬೇಡವಾದ ಮೇಲೆ ಅಂಗಡಿಯಲ್ಲಿ ಪಿಯಾನೋ ಮಾರಿದ. ಈಗ ಊರಾಚೆಯ ಸುಡುಗಾಡಿನ ಪ್ರಾರ್ಥನಾಮಂದಿರದಲ್ಲಿ ಪುಟ್ಟ ಆರ್ಗನ್ ನುಡಿಸುತ್ತಾನೆ. ಅಲ್ಲಿಯೂ ಜನ ನೋಡುವುದು ಬೆನ್ನನ್ನೇ. ಅದನ್ನೂ ಅವರು ನೋಡುವುದಿಲ್ಲ, ಪಾಪ, ಅವರ ಕಣ್ಣು ಶವದ ಪೆಟ್ಟಿಗೆಯ ಮೇಲಿರುತ್ತದೆ.

ಆಸೆಯೊಂದೇ ಆಗಿದ್ದರೆ ಹೌದು ನಾನೇ ಎಂದುಬಿಡಬಹುದಿತ್ತು. ತೊಂದರೆಯೆಂದರೆ ಅವನಿಗೆ ಗೊತ್ತಿರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಹಿಲ್ಡಾಗೂ ಹೇಳಿರಲಿಲ್ಲ. ತನ್ನ ಮಗುವನ್ನು ಗುರುತಿಸಲಾರದ ತಾಯಿ ಇರುತ್ತಾಳೆಯೇ ಎಂದು ಕೇಳುತ್ತಾರೆ. ಆ ದಿನ ಲಂಡನ್ನಿನಿಂದ ಧ್ವನಿಮುದ್ರಣದವರ ವ್ಯಾನು ಬಂದು ಕ್ಯಾವೆಂಡಿಶ್‌ನ ಹಿಂದಿನ ಗಲ್ಲಿಯಲ್ಲಿ ನಿಂತಿತ್ತು. ತಂತಿಗಳನ್ನು ಬಾಗಿಲ ಸಂದಿಯಿಂದ ಒಳಗೆ ಎಳೆದಿದ್ದರು. ಅವರು ವ್ಯಾನಿನೊಳಗೆ, ಇವರು ಒಳಗೆ. ಕೀಲಿಮಣೆಯ ಮೇಲಿನ ಕೆಂಪು ದೀಪ ಹತ್ತಿದರೆ ನುಡಿಸಬೇಕು, ಅಷ್ಟೇ ಮಾತುಕತೆ. ವೇಲ್ ಜ್ವರದಿಂದ ಕೆಂಡವಾಗಿದ್ದ. ಆದರೂ ವ್ಯಾನು ಮತ್ತೆ ಬರುವುದಿಲ್ಲವೆಂದು ಎದ್ದು ಬಂದಿದ್ದ. 'ಸಂಜೆಯ ದೋಣಿ'ಯನ್ನು ಎರಡು ಸಲ ನುಡಿಸಿದ. ಎರಡನೆಯದು ಮುಗಿಯುವ ಹೊತ್ತಿಗೆ ಬೆವರು ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. "ನನ್ ಕೈಲಾಗಲ್ಲ ಕಣೋ ಎಡ್ಗರ್, ನೀನು ಕೂತ್ಕೋ," ಎಂದು ಒದ್ದೆ ಕೋಟನ್ನು ಬಿಚ್ಚಿಕೊಟ್ಟ. ಖಾಲಿ ಮಂದಿರ, ನೋಡುವವರು ಯಾರೂ ಇಲ್ಲ, ಆದರೂ ಎಡ್ಗರ್ ಆ ಕೋಟನ್ನು ಹಾಕಿಕೊಂಡೇ ಕೂತ. ಅವನೂ ಎರಡು ಸಲ ನುಡಿಸಿದ. ವ್ಯಾನಿನವರಿಗೆ ನಾಲ್ಕೂ ವೇಲ್‌ನದೇ. ಆಗೆಲ್ಲ ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದರು, ಅದನ್ನು ಒಮ್ಮೆ ನುಡಿಸಿ ನೋಡಿದರೆ ಕೆಟ್ಟುಹೋಗುತ್ತಿತ್ತು. ಹಾಗಾಗಿ ಅಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಲಂಡನ್ನಿನಲ್ಲಿ ಯಾರೋ ನಾಲ್ಕರಲ್ಲಿ ಒಂದನ್ನು ಆರಿಸಿದರು.

ಅಂಗಡಿಗೆ ಬಂದ ದಿನವೇ ಎಡ್ಗರ್ ಪ್ಲೇಟನ್ನು ಕೊಂಡು ತಂದು ಕೇಳಿದ್ದ. ಮತ್ತೆ ಕೇಳಿದ. ತನ್ನದೆನಿಸಿತು. ಮಾರನೆಯ ದಿನ ಕೇಳಿದರೆ ವೇಲ್‌ನದೆನಿಸಿತು. ಹೇಗೆ ಗೊತ್ತಾಗಬೇಕು? ತಾನು ನುಡಿಸಿದ್ದನ್ನು ಅವನು ಜನ್ಮದಲ್ಲಿ ಕೇಳಿಸಿಕೊಂಡಿರಲಿಲ್ಲ. ಕೇಳಬಾರದೆಂದೇ ಅವನಿಗೆ ಕಲಿಸಿದ್ದು. ಕ್ಯಾವೆಂಡಿಶ್‌ನ ಕೊಳವೆಗಳೆಲ್ಲ ವೇದಿಕೆಯ ಮೇಲೆ, ಎತ್ತರದ ಗೂಡುಗಳಲ್ಲಿವೆ. ಬೆರಳು ಒತ್ತಿದ ಮೇಲೆ ದನಿ ಅಲ್ಲಿಂದ ಹೊರಟು ಇಳಿದು ಬರುವಷ್ಟರಲ್ಲಿ ಬೆರಳು ಮುಂದಿನ ಸ್ವರಕ್ಕೆ ಹೋಗಿರಬೇಕು. ಬಂದ ದನಿಗೆ ಕಿವಿಗೊಟ್ಟೆಯೋ, ಅದಕ್ಕಾಗಿ ಕಾಯುತ್ತೀಯ. ಕಾದರೆ ನಿಧಾನವಾಗುತ್ತೀಯ. ನಿಧಾನವಾದರೆ ಅದು ಇನ್ನೂ ತಡವಾಗಿ ಬರುತ್ತದೆ. ಹೊಸಬರೆಲ್ಲ ಮುಳುಗುವುದು ಇಲ್ಲಿಯೇ. "ಕೇಳ್ಬೇಡ ಕಣೋ, ಕತ್ತೆ!" ಎಂದು ವೇಲ್ ಹಿಂದೆ ನಿಂತು ಸುರುಳಿ ಸುತ್ತಿದ ಪತ್ರಿಕೆಯಿಂದ ತಲೆಗೆ ಬಡಿಯುತ್ತಿದ್ದ. "ಕೇಳೋಕೆ ಜನ ಕಾಸು ಕೊಟ್ಟು ಬಂದು ಕೂತಿದಾರೆ. ನಿನ್ ಕೆಲ್ಸ ಒತ್ತೋದು." ಎಡ್ಗರ್ ಒತ್ತುವುದನ್ನು ಕಲಿತ. ಕಿವಿಯನ್ನು ಮುಚ್ಚಿಕೊಳ್ಳದೆಯೇ ಮುಚ್ಚಿಕೊಳ್ಳುವುದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಹಿಲ್ಡಾ ಅಡುಗೆಮನೆಯಿಂದ ಕರೆದರೂ ಕೇಳಿಸುತ್ತಿರಲಿಲ್ಲ. ಅವಳು ಅದನ್ನು ಸೊಕ್ಕು ಎನ್ನುತ್ತಿದ್ದಳು.

ಇನ್ನೊಂದು ಗೊಂದಲವೂ ಇತ್ತು, ಅದನ್ನು ಅವನು ನೇರವಾಗಿ ನೋಡುತ್ತಿರಲಿಲ್ಲ. ಆ ಪ್ಲೇಟನ್ನು ಜನ ಹಚ್ಚಿಕೊಂಡಿದ್ದು ಒಂದೇ ಒಂದು ಜಾಗಕ್ಕಾಗಿ. ರಾಗ ಮೂರನೆಯ ಸುತ್ತಿಗೆ ತಿರುಗುವ ಮೊದಲು ನುಡಿಸುವವನು ಕೂದಲೆಳೆಯಷ್ಟು ತಡೆಯುತ್ತಾನೆ. ದೋಣಿ ದಡಕ್ಕೆ ತಾಗಿದಂತಾಗುತ್ತದೆ. ಪ್ಲೇಟು ಕೂಡಿಡುವವರು ಅದಕ್ಕೆ ನಿಟ್ಟುಸಿರು ಎಂದು ಹೆಸರಿಟ್ಟಿದ್ದರು. ಅಂಥ ತಡೆ ಬರೆದ ಸ್ವರಗಳಲ್ಲಿ ಇಲ್ಲ. ಅದು ಏನೆಂದು ಎಡ್ಗರ್‌ಗೆ ಮೊದಲ ಸಲವೇ ಗೊತ್ತಾಗಿತ್ತು. ಯಾರೋ ಆ ಕ್ಷಣ ಕೇಳಿಸಿಕೊಂಡಿದ್ದಾರೆ. ತಪ್ಪು ಅದು, ಪತ್ರಿಕೆಯಿಂದ ಹೊಡೆಸಿಕೊಳ್ಳುವ ತಪ್ಪು. ವೇಲ್ ಅಂಥದ್ದನ್ನು ಮಾಡುವವನಲ್ಲ. ತಾನೂ ಅಲ್ಲ. ಹಾಗಾದರೆ ಯಾರು?

ಕ್ಯಾವೆಂಡಿಶ್‌ನೊಳಗೆ ಹಳೆಯ ಸಿಗರೇಟು ಹೊಗೆ, ಒದ್ದೆ ರತ್ನಗಂಬಳಿಯ ವಾಸನೆ. ಬಾಲ್ಕನಿಯ ಕಡೆ ಆಗಲೇ ಬಿಂಗೋ ಫಲಕದ ಹಲಗೆಗಳನ್ನು ತಂದು ಒರಗಿಸಿದ್ದರು. ರಿಗ್ಬಿ ನಡುವಿನ ಸಾಲಿನಲ್ಲಿ ಟೇಪು ಯಂತ್ರವಿಟ್ಟುಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ಅವನ ಹಿಂದಿನ ಸಾಲಿನಲ್ಲಿ ಮಿಸೆಸ್ ವೇಲ್ ಕೂತಿದ್ದಳು. ಎಡ್ಗರ್ ಅವಳನ್ನು ನೋಡದೆ ಬಹಳ ಕಾಲವಾಗಿತ್ತು. ಗಂಡನನ್ನು ಮಣ್ಣು ಮಾಡಿದ ದಿನ ದೂರದಿಂದ ನೋಡಿದ್ದೇ ಕೊನೆ. ಈಗ ಕಿವಿ ಮಂದವಾಗಿತ್ತು, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗಿತ್ತು.

"ಬಂದ್ಯಾ ಎಡ್ಗರ್," ಎಂದಳು. "ತುಂಬಾ ತೆಳ್ಳಗಾಗಿದೀಯ. ಹಿಲ್ಡಾ ಊಟ ಹಾಕಲ್ವಾ?"

"ಹಾಕ್ತೀನಿ, ಇವ್ರು ಎಲ್ಲಾನೂ ಮನಸ್ಸಿಗೆ ಹಾಕ್ಕೋತಾರೆ, ಮೈಗೆ ಹಾಕ್ಕೊಳಲ್ಲ," ಎಂದಳು ಹಿಲ್ಡಾ.

"ನಮ್ಮ ಆಂಬ್ರೋಸ್ ಪ್ಲೇಟು ನಿಂದು ಅಂತ ಹೇಳಿದ್ಯಂತೆ ಇವ್ರಿಗೆ."

ಎಡ್ಗರ್ ಚೀಲವನ್ನು ಸೀಟಿನ ಮೇಲಿಟ್ಟ. "ನಾನು ಹಾಗೆ ಹೇಳ್ಲಿಲ್ಲ, ಮಿಸೆಸ್ ವೇಲ್."

"ಬಾಯಲ್ಲಿ ಹೇಳ್ಲಿಲ್ಲ," ಎಂದ ರಿಗ್ಬಿ, ಎಲ್ಲ ತಿಳಿದವನ ಮುಗುಳ್ನಗೆಯಲ್ಲಿ. "ದೊಡ್ಡವ್ರು ಬಾಯಲ್ಲಿ ಹೇಳ್ಕೊಳಲ್ಲ. ಈಗ ಹಳೇದನ್ನ ಹಾಕ್ತೀನಿ, ಆಮೇಲೆ ಮಿಸ್ಟರ್ ಡಕ್ಸ್‌ಬರಿ ಅದನ್ನೇ ನುಡಿಸ್ತಾರೆ. ಎರಡೂ ಒಂದೇ ಕೈಯದಾ ಅಲ್ವಾ ಅಂತ ಕಿವಿ ಇದ್ದೋರಿಗೆ ಗೊತ್ತಾಗೋಗುತ್ತೆ. ಕೋಟು ತಂದಿದೀರಾ? ಹೊದಿಕೆ ಮೇಲೆ ಹಾಕೋಕೆ ಒಂದು ಫೋಟೋ ಬೇಕು. ಹಿಂದಿನಿಂದ."

ಹಿಂದಿನಿಂದ. ಎಡ್ಗರ್ ಚೀಲ ಬಿಚ್ಚಿ, ಎಲ್ಲರೆದುರು ಕೋಟು ಹಾಕಿಕೊಂಡ. ಮಿಸೆಸ್ ವೇಲ್ ಅದನ್ನು ನೋಡಿದಳು. ಆ ನೋಟಕ್ಕೆ ಅವನ ಕುತ್ತಿಗೆಯ ಹಿಂಭಾಗ ಬಿಸಿಯಾಯಿತು. ಕದ್ದ ಬಟ್ಟೆ ತೊಟ್ಟು ಕಳೆದುಕೊಂಡವನ ಮನೆಗೇ ಹೋದಂತೆ. ಹಳೆಯ ಪ್ಲೇಟು ಚರಚರ ಎಂದು ಶುರುವಾಗಿ, ಆ ಖಾಲಿ ಮಂದಿರದಲ್ಲಿ ಸಣ್ಣಗೆ, ದೂರದ ಯಾರದೋ ಮನೆಯ ಕಿಟಕಿಯಿಂದ ಬಂದ ಹಾಗೆ ಕೇಳಿಸಿತು. ನಿಟ್ಟುಸಿರು ಬಂತು. ಮಿಸೆಸ್ ವೇಲ್ ಕಣ್ಣು ಮುಚ್ಚಿದಳು, ರಿಗ್ಬಿ ಬೆರಳೆತ್ತಿದ. ಎಡ್ಗರ್ ನೋಡುತ್ತಿದ್ದುದು ಹಿಲ್ಡಾಳನ್ನು. ಆ ಕಾಲದಲ್ಲಿ ಅವಳು ಇದೇ ನಡುದಾರಿಯಲ್ಲಿ ಕೊರಳಿಗೆ ತಟ್ಟೆ ನೇತುಹಾಕಿಕೊಂಡು ಐಸ್‌ಕ್ರೀಂ ಮಾರುತ್ತಿದ್ದಳು. ನಿನ್ನ ಬೆನ್ನು ನೋಡಿಯೇ ಮರುಳಾದೆ ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದಳು. ಯಾವ ವಾರದ ಬೆನ್ನು, ಹಿಲ್ಡಾ? ಇದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ಅವನು ನುಡಿಸಿದ. ಬೆರಳುಗಳಿಗೆ ದಾರಿ ಮರೆತಿರಲಿಲ್ಲ. ಎಂದಿನಂತೆ ಒತ್ತಿದ, ಎಂದಿನಂತೆ ಕೇಳಲಿಲ್ಲ. ಮೂರನೆಯ ಸುತ್ತು ಬಂದು, ನಿಲ್ಲದೆ ದಾಟಿ ಹೋಯಿತು. ಮುಗಿಸಿ ತಿರುಗಿದಾಗ ರಿಗ್ಬಿಯ ಮುಖ ಬಾಡಿತ್ತು.

"ಚೆನ್ನಾಗಿತ್ತು. ಆದ್ರೆ ನಿಟ್ಟುಸಿರು ಬರ್ಲಿಲ್ಲ. ಮರ್ತುಬಿಟ್ರಾ? ಅಲ್ಲೊಂದು ಚೂರು ನಿಲ್ಸಿ, ಇನ್ನೊಂದ್ಸಲ ಮಾಡೋಣ."

"ಯಾಕೆ ಹೇಳಿ ಕೊಡ್ತೀರಿ ಅವ್ನಿಗೆ?" ಮಿಸೆಸ್ ವೇಲ್ ಎದ್ದು ನಿಂತಿದ್ದಳು. "ಇದ್ದಿದ್ರೆ ತಾನಾಗೇ ಬರ್ತಿತ್ತು. ಗಡಿಯಾರದ ಹಾಗೆ ಹೊಡ್ದ. ಇವ್ನು ಯಾವಾಗ್ಲೂ ಗಡಿಯಾರವೇ, ಆಂಬ್ರೋಸ್ ಹೇಳ್ತಿದ್ರು." ಆಮೇಲೆ ದನಿ ಸ್ವಲ್ಪ ಇಳಿಯಿತು. "ಎಡ್ಗರ್, ನನ್ನ ಮುಖ ನೋಡಿ ಹೇಳು. ಅದು ನೀನಾ, ಅವ್ರಾ?"

ಈಗ ಬಂತು. ಹೌದು ಎಂದರೆ ಹೆಸರು ತನ್ನದು. ರಿಗ್ಬಿ ಇದ್ದಾನೆ, ಪತ್ರಿಕೆಯ ಸಾಕ್ಷಿ ಇದೆ, ಈ ಮುದುಕಿ ಅತ್ತು ಸುಮ್ಮನಾಗುತ್ತಾಳೆ. ಅಲ್ಲ ಎಂದರೆ ದೊಡ್ಡತನ ತನ್ನದು, ಅದಕ್ಕೂ ಒಂದು ರುಚಿಯಿದೆ. ಎರಡೂ ನಾಲಿಗೆಯ ತುದಿಗೆ ಬಂದವು. ಗಡಿಯಾರ ಎಂಬ ಮಾತು ಒಳಗೆ ಮುಳ್ಳಿನ ಹಾಗೆ ಆಡುತ್ತಿತ್ತು. ಇನ್ನೇನು ಹೌದು ಎಂದೇಬಿಡುತ್ತಿದ್ದ.

"ನಂಗೆ ಗೊತ್ತಿಲ್ಲ," ಎಂದ.

ರಿಗ್ಬಿ ನಕ್ಕ. "ಇದೆಂಥ ವಿನಯ ಸಾರ್!"

"ವಿನಯ ಅಲ್ಲ. ಗೊತ್ತಿಲ್ಲ. ಇಬ್ರೂ ನುಡಿಸಿದ್ವಿ. ಅವರೆರಡು, ನಾನೆರಡು. ಯಾವ್ದನ್ನ ತಗೊಂಡ್ರೋ ಯಾರೂ ಹೇಳ್ಲಿಲ್ಲ."

"ಕೇಳಿದ್ರೆ ಗೊತ್ತಾಗಲ್ವಾ? ಸ್ವಂತ ಕೈ!"

"ಇಲ್ಲ."

ರಿಗ್ಬಿಯ ಬಿಳಿ ಮುಖ ಕೆಂಪಗಾಯಿತು. ಹೊದಿಕೆಯ ಮೇಲೆ ಗೊತ್ತಿಲ್ಲ ಎಂದು ಮುದ್ರಿಸಲಿಕ್ಕಾಗುತ್ತದೆಯೇ, ಜನ ನಗುವುದಿಲ್ಲವೇ ಎಂದು ಏನೇನೋ ಗೊಣಗಿದ. ಹಿಲ್ಡಾ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡುತ್ತಿದ್ದಳು. ಮರುಕವೋ ಸಿಟ್ಟೋ ತಿಳಿಯಲಿಲ್ಲ. ಎಡ್ಗರ್‌ಗೆ ನಾಚಿಕೆಯಿಂದ ಕೋಟಿನೊಳಗೇ ಕರಗಿಹೋಗಬೇಕೆನಿಸಿತು. ಇಷ್ಟು ವರ್ಷ ಮುಚ್ಚಿಟ್ಟಿದ್ದ ದಡ್ಡತನ ಬೀದಿಗೆ ಬಂದಿತ್ತು. ಮಾತಾಡಿದ್ದು ಮಿಸೆಸ್ ವೇಲ್. ಅವಳು ಮತ್ತೆ ಕೂತುಬಿಟ್ಟಿದ್ದಳು.

"ಅವ್ರಿಗೂ ಗೊತ್ತಿರ್ಲಿಲ್ವಾ ಹಾಗಾದ್ರೆ?" ಎಂದಳು, ತನಗೇ ಹೇಳಿಕೊಂಡಂತೆ. "ಭಾನುವಾರ ಊಟ ಆದ್ಮೇಲೆ ಅದನ್ನ ಹಾಕೋರು. ನನ್ ಕಡೆ ಬೆನ್ನು ಮಾಡ್ಕೊಂಡು, ಮಂಡಿ ಮೇಲೆ ಕೈ ಇಟ್ಕೊಂಡು ಕೂರೋರು. ಆ ಜಾಗ ಬಂದಾಗ ಮಾತ್ರ ತಲೆ ಆಡಿಸ್ಬಿಟ್ಟು, 'ಯಾರಪ್ಪಾ ನೀನು?' ಅಂತ ಕೇಳೋರು. ಪ್ರತಿ ಸಲಾನೂ. 'ಯಾರಪ್ಪಾ ನೀನು?' ನಾನು ತಮಾಷೆ ಅಂದ್ಕೊಂಡೆ. ತನ್ನ ಹಾಡಿಗೆ ತಾನೇ ಮರುಳಾಗಿ ಆಡೋ ಮಾತು ಅಂದ್ಕೊಂಡೆ."

ಅವಳ ಗಂಟಲು ಒಣಗಿರಬೇಕೆಂದು ಹಿಲ್ಡಾ ಅವಳ ಮೊಣಕೈ ಹಿಡಿದು, ಮುಂದಿನ ಹಜಾರದಲ್ಲಿ ಕೆಟಲ್ ಇದೆ ಬನ್ನಿ ಎಂದು ಕರೆದುಕೊಂಡು ಹೋದಳು. ಎಡ್ಗರ್ ಕೀಲಿಮಣೆಯ ಮುಂದೆಯೇ ಕೂತಿದ್ದ. ವೇಲ್‌ಗೆ ಗೊತ್ತಿದೆ, ಗೊತ್ತಿದ್ದೂ ಬಾಯಿಬಿಡುತ್ತಿಲ್ಲ ಎಂದು ಅವನು ಆ ಮನುಷ್ಯನನ್ನು ಎಷ್ಟು ದ್ವೇಷಿಸಿದ್ದ! ರೇಡಿಯೋದಲ್ಲಿ ಅವನ ಹೆಸರು ಬಂದರೆ ಎದ್ದು ಆರಿಸುತ್ತಿದ್ದ. ಕ್ರಿಸ್‌ಮಸ್‌ಗೆ ವೇಲ್ ಕಳಿಸುತ್ತಿದ್ದ ಕಾರ್ಡಿಗೆ ಉತ್ತರ ಬರೆಯುವುದನ್ನೇ ಬಿಟ್ಟಿದ್ದ. ಅಲ್ಲಿ ಅವನೂ ಮಂಡಿಯ ಮೇಲೆ ಕೈಯಿಟ್ಟುಕೊಂಡು, ಎಡ್ಗರ್ ಒಂದು ದಿನ ಬಾಗಿಲು ತಟ್ಟಿ ಅದು ನನ್ನದು ಎಂದು ಹೇಳಿಯಾನೆಂದು ಹೆದರುತ್ತ ಕಾಯುತ್ತಿದ್ದನೇ? ಅಥವಾ ಹೇಳಲಿ ಎಂದೇ ಕಾಯುತ್ತಿದ್ದನೇ? ಇಬ್ಬರು ಗಂಡಸರು, ಒಬ್ಬರಿಗೆ ಗೊತ್ತಿದೆಯೆಂದು ಇನ್ನೊಬ್ಬರು ತಿಳಿದು, ಒಂದು ಮಾತು ಕೇಳಲು ಅಭಿಮಾನ ಅಡ್ಡ ಬಂದು, ಹೀಗೆ ಆಯುಷ್ಯ ಕಳೆದುಬಿಡುವುದೇ? ಅವನಿಗೆ ಅಳು ಬಂತು. ವೇಲ್ ಸತ್ತಾಗಲೂ ಬಂದಿರಲಿಲ್ಲ.

ಆ ದಿನ ವೇಲ್ ಎಲ್ಲಿ ಕೂತಿದ್ದ? ಅಲ್ಲಿ, ಈಗ ರಿಗ್ಬಿ ಇರುವ ಸಾಲಿನಲ್ಲಿ, ಬಾಯಿಗೆ ಕರವಸ್ತ್ರ ತುರುಕಿಕೊಂಡು. ಕೆಮ್ಮು ಬಂದರೆ ಮೇಣ ಹಾಳು. ಎಡ್ಗರ್ ನುಡಿಸುತ್ತಲೇ ಆ ಕೆಮ್ಮಿಗಾಗಿ ಕಾಯುತ್ತಿದ್ದ. ಈಗ ಬಂತು, ಈಗ ಬಂತು. ಹಾಗಾದರೆ ಕಿವಿ ತೆರೆದಿತ್ತೇ? ತೆರೆದ ಕಿವಿಗೆ ಕೆಮ್ಮಿನ ಬದಲು ಕೊಳವೆಗಳ ದನಿ ಬಿದ್ದಿರಬಹುದೇ? ಅಥವಾ ಇದೂ ಈಗ, ಆಸೆ ಕಟ್ಟಿಕೊಡುತ್ತಿರುವ ನೆನಪೇ? ಜ್ವರದಲ್ಲಿದ್ದ ವೇಲ್‌ನ ಬಿಗಿಯೂ ಸಡಿಲಿ ಅವನೂ ಕೇಳಿಸಿಕೊಂಡಿರಬಹುದು. ಎಡ್ಗರ್ ಎರಡೂ ಕಡೆ ಎಳೆದು ನೋಡಿದ, ದಾರ ಎಲ್ಲಿಗೂ ಬರಲಿಲ್ಲ.

"ಟೇಪು ಸಿದ್ಧ ಇದೆ," ಎಂದ ರಿಗ್ಬಿ ಸಪ್ಪಗೆ. "ಇನ್ನೊಂದ್ಸಲ ನುಡಿಸ್ತೀರಾ? ನಿಲ್ಸೋದು ಬಿಡೋದು ನಿಮ್ಮಿಷ್ಟ."

ಎಡ್ಗರ್ ಮೊದಲ ಸ್ವರ ಒತ್ತಿದ, ಮತ್ತು ಕೇಳಿದ. ಜೀವಮಾನದಲ್ಲಿ ಮೊದಲ ಸಲ, ಬೇಕೆಂದೇ ಕೇಳಿದ. ಮೇಲಿನ ಗೂಡಿನಿಂದ ದನಿ ತಡವಾಗಿ, ಸೋತವರ ಹಾಗೆ ಇಳಿದು ಬಂತು. ಬೆರಳುಗಳು ಗಾಬರಿಯಾದವು. ಮುಂದೆ ಹೋಗಲೇ ಇಲ್ಲಿಯೇ ನಿಲ್ಲಲೇ ಎಂದು ತಡವರಿಸಿದವು. ಅವನು ಅವನ್ನು ಹಾಗೂ ಹೀಗೂ ಮುಂದಕ್ಕೆ ಕರೆದೊಯ್ದ. ಆದರೂ ಕಿವಿಯನ್ನು ಮುಚ್ಚಲಿಲ್ಲ. ಎಷ್ಟು ಚೆನ್ನಾಗಿದೆ ಇದು! ಯಾರೂ ಹೇಳಿರಲಿಲ್ಲವಲ್ಲ. ಅವರೆಲ್ಲ, ಕಡಲೆಕಾಯಿ ಸುಲಿಯುತ್ತ, ಹುಡುಗಿಯರ ಹೆಗಲಿಗೆ ಕೈ ಹಾಕಿಕೊಂಡು ಕೂತಿದ್ದವರೆಲ್ಲ, ಇದನ್ನು ಕೇಳುತ್ತಿದ್ದರೇ? ಮೂರನೆಯ ಸುತ್ತಿನ ಬಾಗಿಲಲ್ಲಿ ಒಂದು ಮಂದ್ರ ಸ್ವರ ಇನ್ನೂ ಇಳಿದು ಬಂದಿರಲಿಲ್ಲ. ಅದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕಾದ. ಅದು ಬಂತು. ಆಮೇಲೆ ಮುಂದೆ ಹೋದ.

ಮುಗಿದಾಗ ರಿಗ್ಬಿ ಎದ್ದ. ಹೆಡ್‌ಫೋನು ತೆಗೆದು, ಟೇಪನ್ನು ಹಿಂದಕ್ಕೆ ಸುತ್ತಿ, ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ ಬಿಟ್ಟ. ಈಗ ಮೇಣವಿಲ್ಲ, ಕೇಳಿದರೆ ಕೆಡುವುದಿಲ್ಲ. ಎಡ್ಗರ್ ಕೀಲಿಮಣೆಯಿಂದಿಳಿದು, ಸಾಲಿನಲ್ಲಿ ಕಾಸು ಕೊಟ್ಟು ಬಂದವರ ಹಾಗೆ ಕೂತು ಕೇಳಿದ. ಅಲ್ಲಲ್ಲಿ ಬೆರಳು ಮುಗ್ಗರಿಸಿತ್ತು. ಗುರುತು ಹಿಡಿಯುವುದಕ್ಕೆ ಕಷ್ಟವೇ ಇರಲಿಲ್ಲ. ಆ ಭಯ, ಆ ಆಸೆ, ಆ ಕಾಯುವಿಕೆ, ಎಲ್ಲ ಅವನದೇ.

ನಿಟ್ಟುಸಿರು ಕಳೆದ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ಚಹಾ ಮುಗಿಸಿ ಬಂದ ಮಿಸೆಸ್ ವೇಲ್ ಕತ್ತಲಲ್ಲಿ ಸೀಟುಗಳ ಬೆನ್ನು ಹಿಡಿದು ಹಿಡಿದು ನಡುದಾರಿಯಲ್ಲಿ ಇಳಿದು ಬಂದಳು. ಅರ್ಧ ದಾರಿಯಲ್ಲಿ ನಿಂತಳು. ಹಿಂದೆ ಹಿಲ್ಡಾ ಎರಡು ಕೈಯಲ್ಲೂ ಬಟ್ಟಲು ಹಿಡಿದು ನಿಂತಳು. ಹಾಡು ಮುಗಿಯುವವರೆಗೂ ಮುದುಕಿ ಅಲ್ಲಾಡಲಿಲ್ಲ.

"ನೋಡಿದ್ರಾ?" ಎಂದಳು. ಕೆನ್ನೆ ಒದ್ದೆಯಾಗಿತ್ತು. "ಹಳೇದನ್ನೇ ಮತ್ತೆ ಹಾಕಿದ್ರಿ, ಒಳ್ಳೇದಾಯ್ತು. ಹೊರಗಿನಿಂದ ಬರ್ತಾ ಇದ್ದ ಹಾಗೇ ಗೊತ್ತಾಯ್ತು ನಂಗೆ. ಇದು ಆಂಬ್ರೋಸೇ. ಬೇರೆ ಯಾರ ಕೈಯೂ ಅಲ್ಲ."

ರಿಗ್ಬಿ ಬಾಯಿ ತೆರೆದ. ಅವನ ಕಣ್ಣು ಹೊಳೆಯುತ್ತಿತ್ತು. ಅವನ ಇಡೀ ಶೋಧನೆಗೆ ಬೇಕಿದ್ದ ಸಾಕ್ಷಿಯನ್ನು ಈ ಹೆಂಗಸೇ ತನ್ನ ಬಾಯಿಂದ ಕೊಟ್ಟಿದ್ದಳು. ಒಂದು ಮಾತು ಸಾಕಿತ್ತು. ಎಡ್ಗರ್ ಅವನ ತೋಳು ಹಿಡಿದುಕೊಂಡ.

"ಹೌದು ಮಿಸೆಸ್ ವೇಲ್," ಎಂದ. "ಅದು ಆಂಬ್ರೋಸ್."

"ಈಗ ಹೇಗೆ ಗೊತ್ತಾಯ್ತು ನಿಂಗೆ?"

"ಈಗ ಕೇಳಿಸ್ತು."

ಅವಳು ಹತ್ತಿರ ಬಂದು ಕೋಟಿನ ತೋಳನ್ನು ಒಮ್ಮೆ ಸವರಿದಳು. ಕೋಟನ್ನೋ ಇವನನ್ನೋ ತಿಳಿಯಲಿಲ್ಲ. ಹೊದಿಕೆಯ ಮೇಲೆ ಯಾರ ಹೆಸರೆಂದು ರಿಗ್ಬಿ ಕೇಳಲಿಲ್ಲ. ತಂತಿಗಳನ್ನು ಸುತ್ತುತ್ತ, ಈ ಮುದುಕರಿಗೆಲ್ಲ ಹುಚ್ಚು ಎಂಬಂತೆ ತಲೆ ಕೊಡವುತ್ತಿದ್ದ.

ಮನೆಗೆ ಹೋಗುವ ಬಸ್ಸಿನಲ್ಲಿ ಹಿಲ್ಡಾ ಕಿಟಕಿಯ ಪಕ್ಕ ಕೂತಿದ್ದಳು. ಕೋಟು ಮತ್ತೆ ಚೀಲ ಸೇರಿತ್ತು. ಎಡ್ಗರ್‌ಗೆ ಬಸ್ಸಿನ ಎಂಜಿನ್ನು, ಕೆಳಗೆ ಯಾರೋ ಹೆಂಗಸು ನಗುವುದು, ಹಿಲ್ಡಾಳ ಉಸಿರು, ಎಲ್ಲ ಒಟ್ಟಿಗೇ ಕೇಳಿಸುತ್ತಿತ್ತು. ತಲೆ ಕಲಸುಮೇಲೋಗರವಾಗಿತ್ತು. ಕಳೆದುಕೊಂಡೆನೋ ಪಡೆದೆನೋ ಗೊತ್ತಾಗುತ್ತಿರಲಿಲ್ಲ.

"ಹಿಲ್ಡಾ," ಎಂದ. "ಮೊದ್ಲು ನೀನು ನೋಡಿ ಮರುಳಾಗಿದ್ದು ಯಾರ ಬೆನ್ನು?"

"ಅಯ್ಯೋ, ಇಷ್ಟು ವರ್ಷಕ್ಕೆ ಕೇಳಿದ್ಯಾ?" ಅವಳು ನಕ್ಕುಬಿಟ್ಟಳು. "ಯಾರದಾಗಿತ್ತೋ ಯಾವನಿಗೆ ಗೊತ್ತು. ಆ ಕತ್ತಲಲ್ಲಿ ನಾನು ಚಿಲ್ರೆ ನೋಡ್ತಿದ್ನೋ ಬೆನ್ನು ನೋಡ್ತಿದ್ನೋ. ಆಮೇಲೆ ತಿರುಗಿದೋನು ನೀನು. ನಾನು ಮದ್ವೆ ಆಗಿದ್ದು ಮುಖಾನ."

ಒಂದು ನಿಲ್ದಾಣ ಕಳೆಯಿತು. ಅವಳು ಕೈಗವಸನ್ನು ಎಳೆದುಕೊಂಡು, ಇವನ ಕಡೆ ತಿರುಗದೆಯೇ ಕೇಳಿದಳು.

"ನಾವು ಬಾಗಿಲು ತೆಗೆದಾಗ ಬರ್ತಿತ್ತಲ್ಲ, ಅದು ಹಳೇ ಪ್ಲೇಟಲ್ಲ. ಚರಚರ ಇರ್ಲಿಲ್ಲ. ಯಾರದು ಅದು?"

"ನಾನು," ಎಂದ ಎಡ್ಗರ್.

ಹಿಲ್ಡಾ ತಲೆಯಾಡಿಸಿದಳು. "ಸ್ವಲ್ಪ ನಿಧಾನ ಆಯ್ತು," ಎಂದಳು. ಆಮೇಲೆ, ನಮ್ಮ ನಿಲ್ದಾಣ ಬಂತು ಎಂದು ಅವಳು ಕರೆದಾಗ, ಅವನಿಗೆ ಮೊದಲನೆಯ ಸಲಕ್ಕೇ ಕೇಳಿಸಿತು.